ಗಾಣದ ಗೋಪುರಕ್ಕೆ ಸುಣ್ಣ

ಇನ್ನೂರು ವರ್ಷ ಹಳೆಯ ಕಲ್ಲಿನ ಗೋಪುರಕ್ಕೆ ಯಾರಾದರೂ ಸುಣ್ಣ ಬಳಿಯುತ್ತಾರೆಯೇ? ನಮ್ಮ ದೊಡ್ಡಮ್ಮ, ಟಾಂಟಿ ಯೂಫೀನ್, ಬಳಿಯುತ್ತಾಳೆ. ಒಂದು ಸಲ ಬಳಿದು ಸಮಾಧಾನವಾಗದೆ ಒಣಗಿದ ಮೇಲೆ ಇನ್ನೊಂದು ಸಲ ಬಳಿಯುತ್ತಾಳೆ. ಅದೂ ನನ್ನ ಬದುಕೆಲ್ಲ ಆ ಗೋಪುರದ ಪಾಚಿಗೆ ಜೋತುಬಿದ್ದಿರುವ ವಾರವನ್ನೇ ನೋಡಿ ಬಳಿಯುತ್ತಾಳೆ.

ನಾನು ಜೋಸೆಟ್. ಫೋಟೋ ತೆಗೆಯುವುದು ನನ್ನ ಕಸುಬು. ನಮ್ಮ ಕೆರಿಬಿಯನ್ ದ್ವೀಪಗಳ ಕ್ಯಾಲೆಂಡರುಗಳಲ್ಲಿ ಬಾಗಿದ ತೆಂಗಿನ ಮರ, ಬಿಳಿ ಮರಳು, ಮರಳಿನ ಮೇಲೆ ಯಾರೋ ಮರೆತುಹೋದಂತೆ ಇಟ್ಟ ಹುಲ್ಲಿನ ಟೋಪಿ ನೋಡಿರುತ್ತೀರಲ್ಲ, ಅವುಗಳಲ್ಲಿ ಬೇಕಾದಷ್ಟು ನನ್ನವು. ಟೋಪಿಯೂ ನನ್ನದೇ. ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಹೋಟೆಲಿನವರು ಈಜುಕೊಳ ಇನ್ನಷ್ಟು ನೀಲಿ ಮಾಡು ಅನ್ನುತ್ತಾರೆ, ಮಾಡುತ್ತೇನೆ. ಹಡಗಿನ ಕಂಪನಿಯವರು ಮೋಡ ತೆಗಿ ಅನ್ನುತ್ತಾರೆ, ತೆಗೆಯುತ್ತೇನೆ. ಹೀಗೆ ಊರಿನವರ ಆಕಾಶವನ್ನೆಲ್ಲ ಗುಡಿಸಿ ಸಾರಿಸಿ ಸಾಕಾಗಿ ಕೂತಿದ್ದಾಗ ಬಾರ್ಬಡೋಸಿನ ಪ್ರಕಾಶಕಿ ರೋಸಮಂಡ್ ಸಿಕ್ಕಳು.

ರೋಸಮಂಡ್ ಮೇಡಂ ನಮ್ಮ ದ್ವೀಪಗಳ ಪಾಳುಬಿದ್ದ ಜಾಗಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಮಾಡುವವಳಿದ್ದಳು. ಕೋಟೆ, ಸಕ್ಕರೆ ಕಾರ್ಖಾನೆ, ಗಾಳಿಗೆ ತಿರುಗುತ್ತಿದ್ದ ಕಬ್ಬಿನ ಗಾಣ, ಎಲ್ಲ. ಚಿತ್ರಗಳೆಲ್ಲ ಒಬ್ಬರವೇ, ಮುಖಪುಟದ ಮೇಲೆ ಅವರದೇ ಹೆಸರು. ನನಗೆ ಪೈಪೋಟಿಗೆ ಇದ್ದವನು ಜಮೈಕಾದವನೊಬ್ಬ. ನಮ್ಮೂರು ಆನ್ಸ್ ಫರೀನ್‌ನ ಗಾಣದ ಗೋಪುರದ್ದು ಒಂದು ಚಿತ್ರ ನನ್ನ ಫೋನಿನಲ್ಲಿತ್ತು. ಬಾಗಿಲಿಗೆ ಅತ್ತಿಯ ಬೇರು ಸುತ್ತಿಕೊಂಡು, ಕಲ್ಲಿನ ಮೇಲೆಲ್ಲ ಕಪ್ಪು ಹಸಿರು ಪಾಚಿ. ಅದನ್ನು ನೋಡಿದ್ದೇ ಮೇಡಂ ಕುರ್ಚಿಯಿಂದ ಎದ್ದುಬಿಟ್ಟಳು. "ಫೋನಿನದು ಮುಖಪುಟಕ್ಕೆ ಸಾಲದು. ನಾನೇ ಬರ್ತೀನಿ, ನನ್ನ ಮುಂದೆ ತೆಗೀರಿ. ಹೀಗೇ ಬಂದ್ರೆ ಪುಸ್ತಕ ನಿಮ್ಮದು," ಅಂದಳು.

ಕುಣಿದುಬಿಟ್ಟೆ. ಕುಣಿಯುತ್ತಲೇ ನಮ್ಮ ದ್ವೀಪ ಕಾರಿಯಾಕುವಿಗೆ ಫೋನು ಮಾಡಿದೆ. "ಟಾಂಟಿ, ಶನಿವಾರ ಬರ್ತಿದೀನಿ. ನಮ್ಮ ಗೋಪುರ ಪುಸ್ತಕದಲ್ಲಿ ಬರತ್ತೆ. ಮೇಕೆಗಳು ಒಳಗೆ ಹೋಗದ ಹಾಗೆ ನೋಡ್ಕೋ, ಅಷ್ಟೇ." ಈ 'ಅಷ್ಟೇ' ಅನ್ನುವ ಮಾತು ನಮ್ಮ ಟಾಂಟಿಯ ಕಿವಿಗೆ ಇದುವರೆಗೆ ಯಾವತ್ತೂ ಬಿದ್ದಿಲ್ಲ.

ಶನಿವಾರ ಬೆಳಗಿನ ಹಡಗಿನಲ್ಲಿ ಬಂದೆ. ಮೇಡಂ ಮಧ್ಯಾಹ್ನದ ಪುಟ್ಟ ವಿಮಾನಕ್ಕೆ ಬಂದು ಮರುದಿನ ಬೆಳಗ್ಗೆ ಹೊರಡುವವಳು. ಹಡಗು ಇನ್ನೂ ಸಮುದ್ರದಲ್ಲಿರುವಾಗಲೇ ನಮ್ಮೂರಿನ ದಿಣ್ಣೆಯ ಮೇಲೆ ಏನೋ ಬೆಳ್ಳಗೆ ಹೊಳೆಯುವುದು ಕಂಡಿತು. ಯಾರೋ ಹೊಸದಾಗಿ ಮನೆ ಕಟ್ಟಿಸಿದ್ದಾರೆ, ಪಾಪ, ಬಣ್ಣದ ಆಯ್ಕೆ ಸ್ವಲ್ಪವೂ ಗೊತ್ತಿಲ್ಲ ಅಂದುಕೊಂಡೆ.

ದಿಣ್ಣೆ ಹತ್ತಿ ನೋಡಿದರೆ ಅದೇ ಗೋಪುರ. ಮದುವೆಯ ಕೇಕಿನ ಹಾಗೆ ನಿಂತಿದೆ. ಪಾಚಿ ಇಲ್ಲ, ಬಾಗಿಲ ಬೇರು ಇಲ್ಲ. ಬಾಗಿಲ ಚೌಕಟ್ಟಿಗೆ ದೋಣಿಗೆ ಬಳಿಯುವ ನೀಲಿ ಬಣ್ಣ. ದಾರಿಯ ಎರಡೂ ಕಡೆ ಸಾಲಾಗಿ ಕಲ್ಲು ಜೋಡಿಸಿ ಅವಕ್ಕೂ ಸುಣ್ಣ. ಪಕ್ಕದಲ್ಲಿ ಟಾಂಟಿ ಯೂಫೀನ್, ನನ್ನ ಅಮ್ಮನ ಅಕ್ಕ, ಎಪ್ಪತ್ತು ದಾಟಿದವಳು, ಮೊಣಕೈವರೆಗೆ ಬೆಳ್ಳಗಾಗಿ ನಿಂತು ನಗುತ್ತಿದ್ದಾಳೆ.

"ಟಾಂಟಿ, ಏನಿದು?"

"ಸುಣ್ಣ," ಅಂದಳು. "ಕಾಣಲ್ವಾ? ಕಣ್ಣಿನ ಕೆಲಸಾನೇ ಮಾಡ್ತೀಯಲ್ಲೇ."

"ಕಾಣತ್ತೆ. ಯಾಕೆ ಬಳಿದೆ ಅಂತ ಕೇಳ್ತಿರೋದು."

"ಫೋಟೋ ತೆಗೀತಾರೆ, ಪುಸ್ತಕದಲ್ಲಿ ಹಾಕ್ತಾರೆ ಅಂತ ಫೋನ್ ಮಾಡಿದ್ದು ಯಾರು, ನಾನಾ? ಮುಖ ತೊಳೀದೆ ಯಾರಾದ್ರೂ ಫೋಟೋಗೆ ನಿಲ್ತಾರಾ?"

"ಅದು ಮುಖ ಅಲ್ಲ ಟಾಂಟಿ. ಗೋಪುರ."

"ನಿಂಗೆ ಗೋಪುರ."

ಸಿಟ್ಟು ನೆತ್ತಿಗೇರಿತು. ಪಾಳುಬಿದ್ದಿರುವುದೇ ಅದರ ಚೆಂದ, ಆ ಪಾಚಿಗೋಸ್ಕರವೇ ಒಬ್ಬಳು ವಿಮಾನ ಹತ್ತಿ ಬರುತ್ತಿದ್ದಾಳೆ, ಪಾಚಿ ಇಲ್ಲದಿದ್ದರೆ ಪುಸ್ತಕ ಜಮೈಕಾದವನ ಪಾಲಾಗುತ್ತದೆ, ನಾನು ಸಾಯುವವರೆಗೂ ಈಜುಕೊಳಕ್ಕೆ ನೀಲಿ ಹಚ್ಚಿಕೊಂಡು ಕೂರಬೇಕಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಕಿರುಚಿದೆ. ಟಾಂಟಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಮ್ಮಜ್ಜಿ ಕನಸಲ್ಲಿ ಬಂದಿದ್ಲು," ಅಂದಳು.

ಇದಕ್ಕೆ ನಮ್ಮ ಕಾರಿಯಾಕುವಿನಲ್ಲಿ ಎದುರುತ್ತರ ಇಲ್ಲ. ಸತ್ತವರು ಕನಸಿನಲ್ಲಿ ಬಂದು ಹಸಿವು ಅಂದರೆ ಮರುದಿನ ಕುರಿ ಬೀಳುತ್ತದೆ. ಚಳಿ ಅಂದರೆ ಗೋರಿಗೆ ಹೊಸ ಗಾರೆ ಬೀಳುತ್ತದೆ. ಬದುಕಿರುವವರ ಮಾತಿಗೆ ಅಷ್ಟು ಬೆಲೆ ಕೊಟ್ಟದ್ದನ್ನು ನಾನಂತೂ ನೋಡಿಲ್ಲ.

"ಬಂದು?"

"ಬಂದು, 'ಯೂಫೀನ್, ಫೋಟೋ ಅಂತೆ, ಆ ಕೊಳೆ ಮುಖದಲ್ಲೇ ನಿಲ್ಲಿಸ್ತೀಯಾ' ಅಂದ್ಲು. ಮಾರನೇ ರಾತ್ರೀನೂ ಬಂದ್ಲು. ಈ ಸಲ ಮಾತಾಡ್ಲಿಲ್ಲ, ಬರೀ ದಿಟ್ಟಿಸಿ ನೋಡಿದ್ಲು."

"ರಾತ್ರಿ ಮಟನ್ ಜಾಸ್ತಿ ತಿಂದಿರ್ತೀಯ."

"ತಿಂದಿದ್ದೆ. ಅದಕ್ಕೂ ಇದಕ್ಕೂ ಏನು?"

ಅವಳ ಹಿಂದೆ ಮೂರು ಕಲ್ಲಿನ ಒಲೆಗಳ ಮೇಲೆ ದೊಡ್ಡ ದೊಡ್ಡ ಹಂಡೆಗಳು ಕುದಿಯುತ್ತಿದ್ದವು. ಒಂದರಲ್ಲಿ ಕುರಿ, ಒಂದರಲ್ಲಿ ಹಸಿ ತೊಗರಿಕಾಳು, ಇನ್ನೊಂದರಲ್ಲಿ ಮೆಕ್ಕೆಜೋಳದ ಹಿಟ್ಟಿನ ಕುಕು ಮುದ್ದೆ ತಿರುವಲು ನೀರು. ಊರಿನ ಹೆಂಗಸರು ಇಗರ್ಜಿಗೆ ಹೋಗುವ ಬಟ್ಟೆಯ ಮೇಲೆ ಅಡುಗೆಯ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. "ಒಬ್ಬ ಮೇಡಮ್ಮಿಗೆ ಇಷ್ಟೊಂದಾ?" ಎಂದು ಕೇಳಿದೆ. "ಅವಳೂ ತಿನ್ಲಿ ಬಿಡು," ಅಂದಳು ಟಾಂಟಿ.

ನಾನು ಅಷ್ಟಕ್ಕೆ ಸುಮ್ಮನಾಗುವವಳಲ್ಲ. ಎಲ್ಲರೂ ಹಂಡೆಗಳ ಕಡೆ ಹೋದಾಗ ಒಂದು ಬಕೆಟ್ಟಿನಲ್ಲಿ ಕೆಮ್ಮಣ್ಣು, ಇದ್ದಿಲು, ಮೇಕೆಯ ಹಿಕ್ಕೆ ಎಲ್ಲ ಕಲಸಿಕೊಂಡು ಗೋಪುರಕ್ಕೆ ಪಾಚಿ ಹಚ್ಚಲು ನಿಂತೆ. ಸುಗ್ಗಿ ಮುಗಿದು ಮೇಕೆಗಳನ್ನು ಬಿಟ್ಟುಬಿಟ್ಟಿರುವ ಕಾಲ, ಅವೆಲ್ಲ ಬಂದು ಸುತ್ತ ನಿಂತು ನೋಡಿದವು. ಹಳೆಯ ಗೋಡೆ ಹಾಗಾಗಲು ಇನ್ನೂರು ಮಳೆಗಾಲ ಹಿಡಿದಿದ್ದವು. ನಾನು ಹಚ್ಚಿದ್ದು ಗೋಪುರಕ್ಕೆ ಭೇದಿ ಹತ್ತಿದ ಹಾಗೆ ಕಾಣುತ್ತಿತ್ತು.

ಬೆನ್ನ ಹಿಂದೆ ಟಾಂಟಿಯ ದನಿ ಕೇಳಿತು. "ಚಿಕ್ಕೋಳಿದ್ದಾಗ್ಲೂ ನೀನು ಹೀಗೇ ಗೋಡೆಗೆ ಬಳೀತಿದ್ದೆ. ಆಗ ಮೇಕೇದು ಇರ್ತಿರ್ಲಿಲ್ಲ." ಒದ್ದೆ ಬಟ್ಟೆ ತಂದು ಒರೆಸಿದಳು, ಅದೇ ಬಟ್ಟೆಯಿಂದ ನನ್ನ ಮೂಗನ್ನೂ ಒರೆಸಿದಳು. ನಾನು ನಲವತ್ತಾರರ ಹೆಂಗಸು ಎಂದು ಅವಳಿಗೆ ಯಾರೂ ಹೇಳಿದ ಹಾಗಿಲ್ಲ.

ಉರಿದುಕೊಂಡು ಗೋಪುರದ ಹಿಂದಕ್ಕೆ, ಸಮುದ್ರದ ಕಡೆಗೆ ಹೋದೆ. ಅಲ್ಲಿ ಕಾಲಿಡಲು ಒಂದು ಗೇಣು ಜಾಗ, ಕೆಳಗೆ ನೀರು. ಕತ್ತೆತ್ತಿ ನೋಡಿದವಳು ಹಾಗೇ ನಿಂತೆ. ಆ ಬದಿಗೆ ಸುಣ್ಣ ತಾಕಿಯೇ ಇರಲಿಲ್ಲ. ಬುಡದಿಂದ ತುದಿಯವರೆಗೆ ಪಾಚಿ, ಮೇಲಿನ ಬಿರುಕಿನಿಂದ ಇಳಿದ ಅತ್ತಿಯ ಬೇರುಗಳು, ನಡುವೆ ಕಣ್ಣು ಮುಚ್ಚಿದ ಕಿಟಕಿ. ಬಾಗಿಲ ಕಡೆಗಿಂತ ಇದೇ ಚೆಂದ. ಪಶ್ಚಿಮದ ಗೋಡೆ, ಸಂಜೆಯ ಬಿಸಿಲು ನೇರವಾಗಿ ಬೀಳುತ್ತದೆ. ದೋಣಿಯಲ್ಲಿ ಹೋಗಿ ನೀರಿನಿಂದ ತೆಗೆದರೆ ಬಿಳಿ ಬಣ್ಣದ ಒಂದು ಚುಕ್ಕೆಯೂ ಕಾಣಿಸುವುದಿಲ್ಲ. ಕೈಮುಗಿದುಬಿಟ್ಟೆ, ಯಾರಿಗೆ ಎಂದು ನನಗೂ ಗೊತ್ತಿಲ್ಲ.

ಅಷ್ಟರಲ್ಲಿ ದೋಣಿ ಕಟ್ಟುವ ಸೈಪ್ ಅಂಕಲ್ ಹಗ್ಗ, ಹಲಗೆ, ಬಕೆಟ್ಟು ಹೊತ್ತುಕೊಂಡು ಬಂದ. ಶಂಖ ಸುಟ್ಟು ಈ ಸುಣ್ಣ ಮಾಡಿಕೊಟ್ಟ ಪುಣ್ಯಾತ್ಮ ಅವನೇ.

"ಇದೊಂದು ಬದಿ ಬಾಕಿ," ಅಂದ. "ಮೇಲಿಂದ ಹಲಗೆ ಇಳಿಸ್ಕೊಂಡು ಬಳೀಬೇಕು. ಊಟ ಆದ್ಮೇಲೆ ಶುರು ಮಾಡ್ತೀನಿ."

"ಅಂಕಲ್, ನಿಮಗೆ ಸೊಂಟ ನೋವಲ್ವಾ?"

"ಇಲ್ಲ."

ಚೀಲದಿಂದ ಜಾಕ್ ಐರನ್ ರಮ್ಮಿನ ಬಾಟಲಿ ತೆಗೆದೆ. ಐಸು ಹಾಕಿದರೆ ತೇಲದೆ ಮುಳುಗುವ ಸರಕು ಅದು. ಅಂಕಲ್ ಬಾಟಲಿಯನ್ನು ನೋಡಿದ, ನನ್ನನ್ನು ನೋಡಿದ, ಕೈಯನ್ನು ಮೆಲ್ಲಗೆ ಸೊಂಟದ ಮೇಲಿಟ್ಟುಕೊಂಡ.

"ಬೆಳಗ್ಗೆಯಿಂದ ಸ್ವಲ್ಪ ಹಿಡ್ಕೊಂಡ ಹಾಗಿದೆ. ಆದ್ರೆ ಯೂಫೀನ್ ಕೇಳಿದ್ರೆ?"

"ನಾಳೆ ಬಳೀತೀನಿ ಅನ್ನಿ."

"ಅವಳು ಬೈದ್ರೆ ನನ್ನ ಹೆಸರು ಹೇಳ್ಬೇಡ."

"ನಿಮ್ಮ ಸೊಂಟದ ವಿಷಯ ನಂಗೇನು ಗೊತ್ತು ಅಂಕಲ್."

ಮಧ್ಯಾಹ್ನ ರೋಸಮಂಡ್ ಮೇಡಂ ಇಳಿದಳು. ಉದ್ದ ಕತ್ತು, ಕತ್ತಿನಲ್ಲಿ ಮೂರು ಕನ್ನಡಕ. ಗೋಪುರ ಕಾಣದ ದಾರಿ ನಮ್ಮ ದ್ವೀಪದಲ್ಲಿ ಇಲ್ಲ. ಆದ್ದರಿಂದ ಜೀಪಿನಲ್ಲಿ ಉದ್ದಕ್ಕೂ ಎಡಗಡೆ ನೋಡಿ, ಎಡಗಡೆ ನೋಡಿ ಅನ್ನುತ್ತಾ ಬಂದೆ. ಎಡಗಡೆ ಇದ್ದದ್ದು ಕತ್ತೆ ಮತ್ತು ಪೆಟ್ರೋಲ್ ಬಂಕು.

"ಅಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲ, ಏನದು?"

"ನೀರಿನ ಟ್ಯಾಂಕು ಮೇಡಂ."

"ಬಾಗಿಲಿದೆ."

"ದೊಡ್ಡ ಟ್ಯಾಂಕು."

ಮೇಡಂ ಎರಡನೆಯ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ತಿರುಗಿ ನೋಡಿದಳು. ನಾನು ಸೀದಾ ಅವಳನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ ದೋಣಿಗೆ ಹತ್ತಿಸಿದೆ. ಗೋಪುರದ ನಿಜವಾದ ಗಾಂಭೀರ್ಯ ಕಾಣುವುದು ನೀರಿನಿಂದಲೇ ಎಂದು ಭಾಷಣವನ್ನೂ ಬಿಗಿದೆ. ಅದು ಸುಳ್ಳೂ ಆಗಿರಲಿಲ್ಲ. ಬಂಡೆಯ ಮೂಲೆ ತಿರುಗಿಸಿ ದೋಣಿಯ ಎಂಜಿನ್ ನಿಲ್ಲಿಸಿದಾಗ ಬಿಸಿಲು ಓರೆಯಾಗಿ ಪಾಚಿಯ ಮೇಲೆ ಬಿದ್ದಿತ್ತು. ಕಲ್ಲು ಕಲ್ಲೂ ಬೇರೆ ಬೇರೆ ಎದ್ದು ಕಾಣುತ್ತಿತ್ತು. ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಜೋಸೆಟ್, ಇದೇ ಮುಖಪುಟ. ಇನ್ನು ಯೋಚನೆ ಇಲ್ಲ. ತೆಗೀರಿ."

ಈ ಮಾತನ್ನು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ ಎಂದು ಲೆಕ್ಕ ಹಾಕುವುದಿಲ್ಲ, ಹಾಕಿದರೆ ಅಳು ಬರುತ್ತದೆ. ಕ್ಯಾಮೆರಾ ಕಣ್ಣಿಗಿಟ್ಟೆ. ದೋಣಿಯ ತೂಗಾಟ ನಿಲ್ಲಲಿ ಎಂದು ಉಸಿರು ಹಿಡಿದೆ. ಚಿತ್ರದ ಮೇಲಂಚಿನಲ್ಲಿ ಕಪ್ಪಗೆ ಏನೋ ಬಂತು.

ಒಂದು ಜೊತೆ ಬೂಟು. ಅದರ ಹಿಂದೆ ಬಿಳಿ ಕಾಲುಚೀಲ. ಆಮೇಲೆ ಇಗರ್ಜಿಗೆ ಹಾಕುವ ನೇರಳೆ ಗೌನು, ತೊಡೆಯ ಮೇಲೆ ಬಕೆಟ್ಟು, ಕೈಯಲ್ಲಿ ಬ್ರಷ್ಷು, ಕೊನೆಗೆ ಹೂವಿನ ಟೋಪಿ. ಹಲಗೆಯ ಮೇಲೆ ಉಯ್ಯಾಲೆಯಲ್ಲಿ ಕೂತ ಹಾಗೆ ಕೂತು ನಮ್ಮ ಟಾಂಟಿ ಯೂಫೀನ್ ನನ್ನ ಮುಖಪುಟದೊಳಗೆ ಇಳಿದು ಬರುತ್ತಿದ್ದಳು. ಗೋಪುರದ ತುದಿಯಲ್ಲಿ ಊರಿನ ಗಂಡಸರು ಹಗ್ಗ ಹಿಡಿದು ನಿಂತಿದ್ದರು, ಸೊಂಟ ಹಿಡಿದುಕೊಂಡು ಸೈಪ್ ಅಂಕಲ್ಲೂ ನಿಂತಿದ್ದ.

"ಟಾಂಟಿ," ಎಂದು ಕೂಗಿದೆ, "ಬಿದ್ದು ಸಾಯ್ತೀಯ."

"ಸೈಪ್‌ಗೆ ಸೊಂಟ ನೋವಂತೆ," ಎಂದು ಅವಳೂ ಕೂಗಿದಳು. "ಬಾಯಿ ರಮ್ಮು ನಾತ ಹೊಡೀತಿತ್ತು. ಸೊಂಟಕ್ಕೂ ಬಾಯಿಗೂ ಏನು ಸಂಬಂಧ ಅಂತ ನಿಂಗೆ ಗೊತ್ತಿರ್ಬೇಕು." ಹಾಗೆಂದು ಬ್ರಷ್ಷು ಅದ್ದಿ ಕಿಟಕಿಯ ಮೇಲೆ ಒಂದು ಬಿಳಿ ಪಟ್ಟೆ ಎಳೆದಳು.

ಮೇಡಂ ಮೂರನೆಯ ಕನ್ನಡಕ ಹಾಕಿಕೊಂಡಳು. "ಇದು ಆ ನೀರಿನ ಟ್ಯಾಂಕಿನ ಹಿಂಬದಿ ಅಲ್ವಾ?" ಅಂದಳು. ನಾನು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡೆ. "ಇರ್ಲಿ ಬಿಡಿ. ಅವರು ಸ್ವಲ್ಪ ಹೊತ್ತು ಮೇಲೆ ಹೋಗ್ಲಿ. ಆ ಒಂದು ಪಟ್ಟೆ ನಾವು ಆಮೇಲೆ ಚಿತ್ರದಲ್ಲಿ ಅಳಿಸ್ಬಹುದು. ಬಿಸಿಲು ಹೋಗೋಕೆ ಮುಂಚೆ ಒಂದೇ ಒಂದು ಚಿತ್ರ ಸಾಕು."

"ಮೇಡಮ್ಮು ಏನಂತಾಳೆ?" ಎಂದು ಕೇಳಿದಳು ಟಾಂಟಿ.

"ನೀನು ಸ್ವಲ್ಪ ಮೇಲೆ ಹೋಗ್ಬೇಕಂತೆ. ಸುಣ್ಣ ಇಲ್ದೆ ಒಂದು ಫೋಟೋ ತೆಗೀತೀನಿ. ಆಮೇಲೆ ಎಷ್ಟು ಬೇಕಾದ್ರೂ ಬಳ್ಕೋ."

"ಆಮೇಲೆ ಬಳಿದ್ರೆ ಫೋಟೋದಲ್ಲಿ ಬರತ್ತಾ?"

"ಬರಲ್ಲ."

ಟಾಂಟಿ ಬ್ರಷ್ಷನ್ನು ಬಕೆಟ್ಟಿನಲ್ಲಿಟ್ಟಳು. ಹಲಗೆ ಅತ್ತಿತ್ತ ತೂಗುತ್ತಿತ್ತು. "ಮಾಮಾ ಜಬೆಟ್ ಯಾರು ಅಂತ ಗೊತ್ತಲ್ಲ ನಿಂಗೆ?"

ನಮ್ಮ ಮನೆಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಟಾಂಟಿಯ ಅಜ್ಜಿಗೂ ಅಜ್ಜಿ. ಗುಲಾಮರ ಕಾಲದಲ್ಲಿ ಇದೇ ಗೋಪುರದೊಳಗೆ ಗಾಣಕ್ಕೆ ಕಬ್ಬು ಕೊಡುತ್ತಿದ್ದವಳು. ನಿದ್ದೆಗೆಟ್ಟ ಒಂದು ಪಾಳಿಯಲ್ಲಿ ಕಬ್ಬಿನ ಜೊತೆ ಅವಳ ಕೈಯೂ ಗಾಣಕ್ಕೆ ಹೋಯಿತು. ಅಲ್ಲೇ ಸತ್ತಳು. ಮಕ್ಕಳು ಬರುವ ಹೊತ್ತಿಗೆ ಹೆಣವನ್ನು ಎಲ್ಲೋ ಹಾಕಿಬಿಟ್ಟಿದ್ದರು. ಎಲ್ಲಿ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ನಮ್ಮಮ್ಮಂಗೆ ಕಲ್ಲು ನಿಲ್ಲಿಸ್ದೆ," ಅಂದಳು ಟಾಂಟಿ. "ನಿಮ್ಮಮ್ಮಂಗೆ ನಿಲ್ಲಿಸ್ದೆ. ನನ್ನ ಗಂಡ, ಆ ಕುಡುಕಂಗೂ ನಿಲ್ಲಿಸ್ದೆ. ಇವಳಿಗೆ ಎಲ್ಲಿ ನಿಲ್ಲಿಸ್ಲಿ ಹೇಳು. ಗೋರಿ ಎಲ್ಲಿದೆ? ಅವಳ್ದು ಅಂತ ಉಳ್ದಿರೋ ಕಲ್ಲು ಇದೊಂದೇ. ಅದಕ್ಕೇ ಇವತ್ತು ಇದನ್ನೇ ಅವಳ ಕಲ್ಲು ಮಾಡಿದೀವಿ. ಬೆಳಗ್ಗೆ ರಮ್ಮು ಸುರಿದಾಯ್ತು, ನೀರು ಸುರಿದಾಯ್ತು. ಅಡುಗೆ ಅದಕ್ಕೇ."

ಕಲ್ಲು ನಿಲ್ಲಿಸುವುದೆಂದರೆ ನಮ್ಮಲ್ಲಿ ಸಾವಿನ ಕೊನೆಯ ಕೆಲಸ. ಹೂತು ಎಷ್ಟು ವರ್ಷವಾದರೂ ಸರಿ, ಗೋರಿಗೆ ಕಲ್ಲು ಬಂದು, ಸುಣ್ಣ ಬಳಿದು, ಊರು ಉಂಡ ಮೇಲೇ ಸತ್ತವರಿಗೆ ನಿದ್ದೆ. ನನಗೆ ಇದೆಲ್ಲ ಗೊತ್ತಿತ್ತು. ಆ ಹಂಡೆಗಳನ್ನು ನೋಡಿಯೂ ಹೊಳೆದಿರಲಿಲ್ಲ. ನನ್ನ ತಲೆಯೊಳಗೆ ಬೆಳಗ್ಗೆಯಿಂದ ಬರೀ ಪಾಚಿ ತುಂಬಿತ್ತು.

"ಅವಳ್ದು ಇದೊಂದೇ ಫೋಟೋ ಕಣೇ," ಅಂದಳು. ಆಮೇಲೆ, "ಆದ್ರೂ ಅವಳು ಸತ್ತೋಳು, ನೀನು ಬದುಕಿರೋಳು. ಪುಸ್ತಕ ನಿಂಗೆ ಬೇಕು. ನೀನೊಂದು ಮಾತು ಹೇಳು, ಮೇಲೆ ಎಳ್ಸ್ಕೋತೀನಿ. ಅಜ್ಜಿ ಕನಸಲ್ಲಿ ಬಂದ್ರೆ ನಾನೇ ಸಮಾಧಾನ ಮಾಡ್ತೀನಿ," ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ನಾನೂ ನಾಲ್ಕು ಬೈದು, ಮೇಲೆ ಹೋಗು ಎಂದು ಹೇಳಿ, ಚಿತ್ರ ತೆಗೆದು ಮುಗಿಸಿಬಿಡುತ್ತಿದ್ದೆ. ಇವಳು ಹೂವಿನ ಟೋಪಿ ಹಾಕಿಕೊಂಡು, ಹಗ್ಗಕ್ಕೆ ನೇತಾಡುತ್ತಾ, ನನ್ನ ಅಪ್ಪಣೆಗೆ ಕಾಯುತ್ತಾ ಕೂತಿದ್ದಳು. ಮೇಡಂ ಬಿಸಿಲು ನೋಡುತ್ತಿದ್ದಳು. ನನಗೆ ಇಡೀ ಪ್ರಪಂಚದ ಮೇಲೆ ಕೋಪ ಬಂತು, ಜಮೈಕಾದವನ ಮೇಲೆ ಸ್ವಲ್ಪ ಜಾಸ್ತಿಯೇ ಬಂತು. ಕಣ್ಣು ಮಂಜಾಗಿ ಕ್ಯಾಮೆರಾದೊಳಗೆ ಏನೂ ಕಾಣಲಿಲ್ಲ.

"ಕಿಟಕಿಯ ಎಡಗಡೆ ಬಿಟ್ಟಿದ್ದೀಯ ಟಾಂಟಿ," ಎಂದು ಕೂಗಿದೆ. "ಬೇರಿನ ಸಂದಿಗೂ ಬಳಿ. ಅಡ್ಡಡ್ಡ ಎಳೀಬೇಡ, ಮೇಲಿಂದ ಕೆಳಕ್ಕೆ ಎಳಿ. ಅಂಕಲ್, ಹಗ್ಗ ಬಲಕ್ಕೆ ತಗೊಳ್ಳಿ."

ಟಾಂಟಿ ಟೋಪಿ ಸರಿಮಾಡಿಕೊಂಡಳು. "ಹೇಳ್ಕೊಡೋದು ಬೇರೆ," ಎಂದು ಗೊಣಗಿ ಬ್ರಷ್ಷು ಎತ್ತಿಕೊಂಡಳು.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಕೆಲಸ ಮುಗಿಯಿತು. ಟಾಂಟಿಯನ್ನು ಮೇಲಕ್ಕೆಳೆದುಕೊಂಡ ಮೇಲೆ ಖಾಲಿ ಗೋಪುರದ ಚಿತ್ರ ತೆಗೆದೆ. ಬಿಳಿಯ ಗೋಡೆಗೆ ಸಂಜೆಯ ಬಣ್ಣ ಹತ್ತಿತ್ತು. ಮೇಡಂ ಕ್ಯಾಮೆರಾ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ಜೋಸೆಟ್. ಆದ್ರೆ ನನ್ನದು ಪಾಳುಬಿದ್ದ ಜಾಗಗಳ ಪುಸ್ತಕ. ಇದು ಪಾಳುಬಿದ್ದಿಲ್ವಲ್ಲ," ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಪುಸ್ತಕ ಜಮೈಕಾದವನಿಗೆ ಹೋಯಿತು. ಮೇಡಂ ಮಾತ್ರ ಊಟಕ್ಕೆ ಉಳಿದಳು, ಕುರಿಯ ಸಾರನ್ನು ಮೂರು ಸಲ ಹಾಕಿಸಿಕೊಂಡಳು.

ನಾನು ಒಲೆಯ ಹತ್ತಿರ ಹೊಗೆಗೆ ಮುಖ ಕೊಟ್ಟು ಕೂತು ಅತ್ತೆ. ಹೊಗೆ ಎಂದು ಎಲ್ಲರೂ ನಂಬಿದರು. ಡೋಲು ಬಡಿಯುವವರು ಚರ್ಮ ಕಾಯಿಸುತ್ತಿದ್ದರು. ಸತ್ತವರಿಗೆಂದು ಮೇಜಿನ ಮೇಲೆ ತಟ್ಟೆ ಬಡಿಸಿಟ್ಟು ಬಂದ ಟಾಂಟಿ ಪಕ್ಕದಲ್ಲಿ ಕೂತಳು. ಅವಳ ಹುಬ್ಬಿಗೂ ಸುಣ್ಣ ಹತ್ತಿತ್ತು. ಪುಸ್ತಕದ ವಿಷಯ ಕೇಳಲಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡಿದ್ದಳು. ಬೆನ್ನ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

"ತೋರ್ಸು," ಅಂದಳು ಕೊನೆಗೆ.

ಕ್ಯಾಮೆರಾ ಕೊಟ್ಟೆ. ಗೌನಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು. ಮೇಡಮ್ಮಿನ ಕನ್ನಡಕಗಳಲ್ಲಿ ಒಂದನ್ನು ಇಸಿದುಕೊಂಡು ಬಂದು ಮತ್ತೆ ನೋಡಿದಳು. ಬೆರಳ ತುದಿಯಿಂದ ಆ ಪುಟ್ಟ ಬಿಳಿ ಗೋಪುರವನ್ನು ಮೆಲ್ಲಗೆ ಸವರಿದಳು.

"ಸ್ವಲ್ಪ ದಪ್ಪ ಕಾಣ್ತಾಳೆ," ಅಂದಳು.